ಕಾವಲಿಗೆ ಬಂದವಳು

ಸೀಟು ಕೊಟ್ಟಿದ್ದ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಕಳಿಸಲು ಇನ್ನು ಒಂಬತ್ತೇ ನಿಮಿಷ ಉಳಿದಿತ್ತು. ಫ್ರೆಸ್ನೊದ ಸಮುದಾಯ ಕಾಲೇಜಿನ ಗ್ರಂಥಾಲಯದಲ್ಲಿ ಇಟ್ಸೆಲ್ ಎರಡು ಸಲ ಮೌಸಿನ ಮೇಲೆ ಬೆರಳಿಟ್ಟು ತೆಗೆದಳು. ಈಗಲೇ ಹೊರಟರೆ ಇಲ್ಲಿನ ಎರಡು ವರ್ಷದ ಪದವಿ ಅರ್ಧಕ್ಕೇ ನಿಲ್ಲುತ್ತದೆ. ಮುಗಿಸಿಯೇ ಹೋಗೋಣವೆಂದರೆ ಸಿಕ್ಕ ಸೀಟು ಕೈತಪ್ಪುತ್ತದೆ.

ಅದಕ್ಕಿಂತ ದೊಡ್ಡ ಸಂಕಟ ಪಕ್ಕದ ಕುರ್ಚಿಯಲ್ಲಿತ್ತು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ತಾಯಿ ಒಫೇಲಿಯಾ ಮಗಳ ಜೊತೆಗೇ ಕಾಲೇಜು ಸೇರಿದ್ದಳು. ಇಬ್ಬರೂ ಒಂದೇ ದಿನ ಪದವಿ ಪಡೆಯುವುದೆಂದು ಮಾತಾಗಿತ್ತು.

"ನಾನು ಹೋಗಲ್ಲಮ್ಮ. ನಿನ್ನೊಬ್ಬಳನ್ನೇ ಬಿಟ್ಟು ಹೇಗೆ ಹೋಗ್ಲಿ?"

"ನಾನೇನು ಪದವಿ ಆಸೆಗೆ ಬಂದೆ ಅಂದ್ಕೊಂಡ್ಯಾ? ನಿಮ್ಮಣ್ಣನ ಹಾಗೆ ನೀನೂ ಓದು ಬಿಡ್ತೀಯ ಅಂತ ಹೆದರಿ, ಕಾವಲಿಗೆ ಬಂದೆ ಕಣೇ."

ಇಟ್ಸೆಲ್ ತಿರುಗಿ ನೋಡಿದಳು. ತಾಯಿ ನಗುತ್ತಿರಲಿಲ್ಲ.

"ಹಾಗಾದ್ರೆ ನಾನು ಹೋದ್ಮೇಲೆ ನೀನೂ ಬಿಟ್ಬಿಡ್ತೀಯಾ?"

"ಯಾಕೆ ಬಿಡ್ಲಿ? ಈಗ ನಂಗೇ ರುಚಿ ಹತ್ತಿದೆ. ಒತ್ತು, ಒತ್ತು. ಗಣಿತದ ಕ್ಲಾಸಿಗೆ ಹೊತ್ತಾಯ್ತು ನಂಗೆ."

ಒಫೇಲಿಯಾ ಪುಸ್ತಕವನ್ನು ಎದೆಗವಚಿಕೊಂಡು, ಉತ್ತರಕ್ಕೂ ಕಾಯದೆ ಮೆಟ್ಟಿಲು ಹತ್ತಿದಳು. ಇಟ್ಸೆಲ್ ಒತ್ತಿದಳು.