ರೆಕ್ಕೆಯ ಎರಡು ಬೋಲ್ಟು

ಹೊಲಿಗೆ ಮೇಜಿನ ಮೇಲೆ ಹರವಿದ್ದ ಬಟ್ಟೆಯ ಎರಡು ಅಂಚಿಗೂ ಒಂದೊಂದು ಬೋಲ್ಟು ಕೂತಿದ್ದವು. ದೇವಿಂದ್ರಪ್ಪ ಒಂದನ್ನು ಎತ್ತಿ ತಿರುಗಿಸಿ ನೋಡಿದ. ತಲೆಯ ಮೇಲೆ ಗುಣಾಕಾರದ ಗುರುತು. ಆ ಗುರುತಿದ್ದರೆ ವಿಮಾನದ ಅಸಲಿ ಮಾಲು. ಇನ್ನೊಂದೂ ಅದೇ. ಎರಡಕ್ಕೂ ಬಿಗಿಯುವ ಪಾನಾ ಹಿಡಿದ ಗೀರು.

ಇವು ಇರಬೇಕಾದದ್ದು ವಿಮಾನದ ರೆಕ್ಕೆಗಳ ಬುಡದಲ್ಲಿ. ಎಡಕ್ಕೊಂದು, ಬಲಕ್ಕೊಂದು. ಆ ವಿಮಾನವೋ ಹೊರಗೆ, ತೊಗರಿ ಕೊಯ್ದು ರೋಲರ್ ಹೊಡೆಸಿದ ಅಂದೋಲಾದ ಹೊಲದಲ್ಲಿ, ಇಂಜಿನ್ ಚಾಲೂ ಮಾಡಿಕೊಂಡು ಗುರುಗುಡುತ್ತಿತ್ತು. ಒಳಗೆ ಕೂತವಳು ಅವನ ಒಬ್ಬಳೇ ಮಗಳು ಭಾಗ್ಯಜ್ಯೋತಿ.

"ಶರಣಬಸಮ್ಮಾ, ಇವು ಇಲ್ಲಿ ಹ್ಯಾಂಗ ಬಂದ್ವು?"

ರೆಕ್ಕೆಗೆ ಬಟ್ಟೆ ಹೊಲಿಯುವ ಶರಣಬಸಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೀಳಲಿಲ್ಲ. "ನಾನೇ ತಂದಿಟ್ಟೇನ್ರಿ ಸಾವಕಾರ್ರ. ನಿನ್ನೆ."

"ಮತ್ತ ರೆಕ್ಕ್ಯಾಗ ಏನದ?"

"ನಮ್ಮವರ ವಿಮಾನದಾಗ ಇದ್ದಂಥಾವೇ ಇರಬೇಕಲ್ರಿ. ಅವನ್ನ ಬಿಗದವರು ನೀವ. ನಿಮಗ ಗೊತ್ತಿರ್ತದ."

ದೇವಿಂದ್ರಪ್ಪನಿಗೆ ಗೊತ್ತಿತ್ತು. ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು ಎಂದು ಎಂಟು ವರ್ಷ ನಂಬಿಕೊಂಡಿದ್ದ.

ಶರಣಬಸಮ್ಮನ ಗಂಡ ಜಗದೇವ ಖಜೂರಿಯಲ್ಲಿ ಲಾರಿ ಬಾಡಿ ಕಟ್ಟುತ್ತಿದ್ದವ. ಯಾರೂ ಕಲಿಸದೆ ಈ ಪುಟ್ಟ ವಿಮಾನದ ನಕ್ಷೆ ಬರೆದ, ಒಂಬತ್ತು ವರ್ಷ ತಿದ್ದಿದ, 'ಬೆಳವ' ಎಂದು ಹಕ್ಕಿಯ ಹೆಸರಿಟ್ಟ. ಪೈಪು, ಪ್ಲೈವುಡ್ಡು, ಬಟ್ಟೆ, ನಕ್ಷೆ ಎಲ್ಲ ಒಂದು ಪೆಟ್ಟಿಗೆಯಲ್ಲಿ ಕೊಡಬೇಕು, ಕೊಂಡವರು ಮನೆಯಂಗಳದಲ್ಲಿ ಜೋಡಿಸಿಕೊಂಡು ಹಾರಬೇಕು ಎನ್ನುವುದು ಅವನ ಹುಚ್ಚು. ಬಂಡವಾಳ ದೇವಿಂದ್ರಪ್ಪನದು. ಅಸಲಿ ಬೋಲ್ಟು ಬರಲು ಇನ್ನೂ ಮೂರು ವಾರ ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಆಳಂದದ ಗುಜರಿಯಿಂದ ಎರಡು ಆರಿಸಿ ತಂದ, ತಲೆಗೆ ಅರದಿಂದ ಗುಣಾಕಾರ ಕೊರೆದ, ತಾನೇ ಬಿಗಿದ.

ಜಗದೇವ ಹಾರಿಸುತ್ತಿದ್ದಾಗಲೇ ಅಫಜಲಪುರದ ಬಯಲಲ್ಲಿ ಬಲರೆಕ್ಕೆ ಕಳಚಿತು; ಅವನು ಬದುಕಲಿಲ್ಲ. ಬಿದ್ದಲ್ಲಿಗೆ ಮೊದಲು ಓಡಿದವನು ದೇವಿಂದ್ರಪ್ಪನೇ. ಮುರಿದ ಬೋಲ್ಟು ಜೇಬಿಗೆ ಹೋಯಿತು. ಶರಣಬಸಮ್ಮ ಹೊಲಿದಿದ್ದ ಬಟ್ಟೆ ಹರಿದದ್ದು ಮಾತ್ರ ಜನರ ಕಣ್ಣಿಗೆ ಬಿತ್ತು. "ಹೊಲಿಗಿ ಬಿಚ್ಚೇದ ನೋಡ್ರಿ," ಎಂದಿದ್ದ. ಅಷ್ಟು ಸಾಕಾಯಿತು. ಗಂಡನ್ನ ಹೊಲಿದು ಕೊಂದಾಕಿ ಅಂತ ನೀರಿಗೆ ಬಂದ ಹೆಂಗಸರು ಆಕೆಯ ಬೆನ್ನಿಗೇ ಅಂದರು.

ವರ್ಷ ತುಂಬುವ ಮೊದಲೇ ಆಕೆ ಬಂದು ಅದೇ ಹೊಲಿಗೆ ಕೆಲಸ ಕೇಳಿದಳು. ಕೊಟ್ಟ. ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಆಕೆ ಯಾಕೆ ಬಂದಳು ಎಂದು ಅವನು ಯೋಚಿಸಿರಲಿಲ್ಲ. ಈಗ, ಬೋಲ್ಟು ಕೈಯಲ್ಲಿ ಹಿಡಿದು, ಎಲ್ಲ ತಿಳಿಯಿತು. ನಿನ್ನೆ ಸಂಜೆ ಕೊನೆಯ ಹೊಲಿಗೆಗೆಂದು ರೆಕ್ಕೆಯ ಹತ್ತಿರ ಒಬ್ಬಳೇ ಉಳಿದಿದ್ದಳು.

"ಅಲ್ಲಿ ಕೂತಾಕಿ ನನ್ನ ಮಗಳದಾಳ ಬೇ!"

"ಗೊತ್ತದ್ರಿ. ಅದಕ್ಕೇ ಮುಂಜಾನಿಂದ ಹನಿ ನೀರ ಕುಡದಿಲ್ಲ." ಆಕೆಯ ದನಿ ತಣ್ಣಗಿತ್ತು. "ಎಂಟು ವರ್ಷ ಇದೊಂದು ದಿನಕ್ಕ ಕಾಯ್ದೇನಿ. ಯಾರ ಕೈಲೆ ಆ ತಪ್ಪಾತೋ, ಅವರು ಇವತ್ತ ನಿಂತು ಕಣ್ಣಾರೆ ನೋಡಬೇಕ್ರಿ."

ದೇವಿಂದ್ರಪ್ಪ ಓಡಿದ.

ಹೊಲದ ಅಂಚಿಗೆ ಶಾಮಿಯಾನ. ಸೋಲಾಪುರ, ಹೈದರಾಬಾದಿನಿಂದ ಕಿಟ್ ಕೊಳ್ಳಲು ಬಂದವರು ಮೊಬೈಲು ಎತ್ತಿ ನಿಂತಿದ್ದರು. ರೇಡಿಯೋ ಹಿಡಿದ ಮೆಕ್ಯಾನಿಕ್ ಬಂದೇನವಾಜ, ಪೈಲಟ್ ಮಾತು ಎಲ್ಲರಿಗೂ ಕೇಳಲೆಂದು ಅದನ್ನು ಧ್ವನಿವರ್ಧಕಕ್ಕೆ ಜೋಡಿಸಿ ನಗಿಸುತ್ತಿದ್ದ: "ಪಲಂಗ ಜೋಡಿಸಾಕ ಬಂದ್ರ ಸಾಕ್ರಿ, ಇದೂ ಬರ್ತದ. ಪಲಂಗದಿಂದ ಬಿದ್ದವರೂ ಅದಾರ, ಫಿಕರ್ ಮಾಡಬ್ಯಾಡ್ರಿ!"

ದೇವಿಂದ್ರಪ್ಪ ರೇಡಿಯೋ ಕಿತ್ತುಕೊಂಡ. "ಜ್ಯೋತಿ, ನಿಲ್ಲಸು! ಇಳಿ!"

"ಯಾಕಪ್ಪಾ?" ಮಗಳ ದನಿ ಹೊಲದ ತುಂಬ ಕೇಳಿತು.

ನಾಲಿಗೆಗೆ ಮೊದಲು ಬಂದದ್ದು ಹಳೆಯ ಮಾತೇ. "ಹೊಲಿಗಿ! ರೆಕ್ಕಿ ಹೊಲಿಗಿ ಬಿಚ್ಚೇದ!"

"ಹೋಗಪ್ಪಾ, ಮತ್ತ ಅದೇ ಮಾತು! ಒಂದೊಂದು ಎಳಿ ನಾ ಮುಟ್ಟಿ ನೋಡೇನಿ. ಶರಣಬಸಮ್ಮ ಕಾಕುನ ಹೊಲಿಗಿ ಕಬ್ಬಿಣ ಇದ್ದಂಗದ. ನಾ ಹೊಂಟೆ."

ಇಂಜಿನ್ ಅಬ್ಬರಿಸಿತು. ವಿಮಾನ ಕದಲಿತು, ಓಡತೊಡಗಿತು, ಹಿಂದೆ ಕೆಂಪು ಧೂಳು ಎದ್ದಿತು.

"ಬೋಲ್ಟು ಮುರೀತಾವ ಜ್ಯೋತಿ! ಗುಜರಿ ಬೋಲ್ಟು ಅದಾವ! ಜಗದೇವಂದೂ ಹಂಗೇ ಮುರೀತು! ಹೊಲಿಗಿ ಅಲ್ಲ, ಬೋಲ್ಟು! ಖೋಟಾ ಗುರುತು ಹಾಕಿ ನಾನೇ ಬಿಗದಿದ್ದೆ! ಮುರದದ್ದು ನಾನೇ ಮುಚ್ಚಿಟ್ಟೆ! ನಿಲ್ಲಸು ನನ್ನವ್ವಾ!"

ಗಾಲಿ ನೆಲ ಬಿಡುವ ಮುನ್ನ ಇಂಜಿನ್ ಸದ್ದು ಸತ್ತಿತು. ಶಾಮಿಯಾನದಲ್ಲಿ ಎತ್ತಿದ ಮೊಬೈಲುಗಳೆಲ್ಲ ಈಗ ಅವನ ಕಡೆ ತಿರುಗಿದ್ದವು.

ಭಾಗ್ಯಜ್ಯೋತಿ ಇಳಿದು ನಡೆದು ಬಂದಳು. ಅಪ್ಪ ಚಾಚಿದ ಕೈಯಲ್ಲಿದ್ದ ಬೋಲ್ಟುಗಳನ್ನು ನೋಡಿದಳು, ಅವನ ಮುಖ ನೋಡಲಿಲ್ಲ.

"ಇವು ಜೋಡಿಸಿ ನೋಡಾಕ ಹಾಕಿದ್ವು. ಒಮ್ಮೆ ಬಿಗದದ್ದು ಹಾರಾಕ ಹಾಕಬಾರದು ಅಂತ ಜಗದೇವ ಕಾಕಾನ ನೇಮ. ನಿನ್ನೆ ಮುಂಜಾನಿ ನಾನೇ ತಗದು ಹೊಸಾವು ಹಾಕೇನಿ. ಬಟ್ಟಿ ಹಾರಬಾರದಂತ ಮ್ಯಾಲ ಇಡಾಕ ಕಾಕು ಇವನ್ನ ಕೇಳಿ ಒಯ್ದಳು." ಬೋಲ್ಟೊಂದನ್ನು ಅವನ ಅಂಗೈಯಲ್ಲೇ ಹೊರಳಿಸಿದಳು. "ಇಂಥ ಮಾಲು ಯಾರರ ಬಿಸಾಕ್ತಾರಂತ ನಿನಗ ಹೊಳೀಲೇ ಇಲ್ಲ ಅಲ್ಲಪ್ಪಾ?"

ಅಷ್ಟರಲ್ಲಿ ಶರಣಬಸಮ್ಮ ಜನರನ್ನು ಸರಿಸಿಕೊಂಡು ಬಂದಳು. ದೇವಿಂದ್ರಪ್ಪ ಹೊಡೆತಕ್ಕೆ ಕಾದವನಂತೆ ತಲೆ ತಗ್ಗಿಸಿದ. ಆಕೆ ಕೈ ಎತ್ತಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ತೂತುಬಿದ್ದ ತನ್ನ ಬೆರಳುಗಳನ್ನೇ ಅಪರಿಚಿತರವೆಂಬಂತೆ ನೋಡಿಕೊಳ್ಳುತ್ತ ಕೇಳಿದಳು:

"ಹಂಗಾರ... ಅವರನ್ನ ಕೊಂದದ್ದು ನನ್ನ ಹೊಲಿಗಿ ಅಲ್ಲೇನ್ರಿ?"