ಹೆಚ್ಚಾದ ಬಳೆ

ಯಲ್ಲವ್ವನ ಕೈಗೆ ಹಸಿರು ಬಳೆ ಏರಿಸುವಾಗ ಸುರೇಖಾಳ ಮುಂಗೈ ಗರ್ಭಗುಡಿಯ ಕಲ್ಲಿಗೆ ತಾಗಿತು. ಅವಳದೇ ಬಳೆಯೊಂದು ಚಟ್ಟೆಂದು ಚೂರಾಗಿ ನೆಲಕ್ಕೆ ಬಿತ್ತು. "ಅತ್ತಿ, ಬಳಿ ಹೆಚ್ಚಾತ್ರಿ" ಎಂದಳು.

ಹಾಗೇ ಅನ್ನಬೇಕು. ಮುತ್ತೈದೆಯ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಒಡೆಯುವುದು ಗಂಡ ಸತ್ತವಳದು. ಝುವಾರಿನಗರದ ಈ ತಗಡಿನ ಗುಡಿಯಲ್ಲಿ ದಿನಾ ದೇವಿಯ ಮೈ ತೊಳೆದು ಭಂಡಾರ ಹಚ್ಚುವ ಅತ್ತೆ ದುಂಡವ್ವನೇ ಅದನ್ನು ಕಲಿಸಿದವಳು. ಮದುವೆಯಾದ ಹೊಸದರಲ್ಲಿ ಸುರೇಖಾ ಬಾಯಿತಪ್ಪಿ 'ಒಡೀತು' ಅಂದಾಗ ಬಾಯಿಗೇ ಬಡಿದಿದ್ದಳು. ರಂಡಿ ಹುಣ್ಣಿಮೆಯಂದು, ಗಂಡ ಜಮದಗ್ನಿಯ ತಲೆ ಹೋಯಿತೆಂದು, ದೇವಿಯ ಬಳೆ ತೆಗೆದಿದ್ದರು. ಇಂದು ಮುತ್ತೈದೆ ಹುಣ್ಣಿಮೆ, ಅವನು ಜೀವ ಬಂದು ಎದ್ದ ದಿನ. ದೇವಿಗೆ ಮತ್ತೆ ಬಳೆ, ಮತ್ತೆ ಕುಂಕುಮ.

ಅತ್ತೆ ಬಾಗಿಲಲ್ಲಿ ಫೋನು ಕಿವಿಗಿಟ್ಟುಕೊಂಡು "ಹೂಂ, ಹೂಂ" ಅನ್ನುತ್ತಿದ್ದಳು. ಆಮೇಲೆ ಫೋನನ್ನು ಸೆರಗಿನಲ್ಲಿ ಸುತ್ತಿ, ಅದು ಯಾರದೋ ವಸ್ತು ಎಂಬಂತೆ ಹಿಡಿದುಕೊಂಡಳು.

"ಯಾರ್ರಿ ಅತ್ತಿ? ಕಲಂಗುಟ್‌ನಿಂದ ಅವರೇನ್ರಿ?" ಸುರೇಖಾ ಕೇಳಿದಳು. ಗಂಡ ಕುಬೇರ ಅಲ್ಲಿಯ ಹೊಸ ಹೋಟೆಲ್ಲಿನ ತಾರಸಿಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. "ಹೋಳಿಗಿ ಆರ್‌ತಾವು, ಲಗೂನ ಬಾ ಅನ್ರಿ."

ದುಂಡವ್ವ ಒಳಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. ದೇವಿಯ ಕಡೆ ನೋಡಲಿಲ್ಲ. ಹಸಿರು ಚೂರುಗಳನ್ನು ಒಂದೊಂದಾಗಿ ಅಂಗೈಗೆ ಆರಿಸಿಕೊಂಡಳು.

"ಒಡೀತು ಅನ್ನವಾ" ಎಂದಳು.