ಉಡಿಗೆ ಹಾಕಿದ ಖಣ

ಟ್ರಂಕಿನ ಡಾಂಬರು ಗುಳಿಗೆ ವಾಸನೆ ಬಂದರೆ ಇವತ್ತಿಗೂ ನಾರಾಯಣಖೇಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಅಕ್ಕ ಜಹೀರಾಬಾದಿನಿಂದ ಬಂದಿದ್ದರು. ಹಿಂದಿನ ತಿಂಗಳು ಅಲ್ಲಿ ತಮ್ಮ ಮನೆಯಲ್ಲಿ ಉಡಿ ತುಂಬುವಾಗ ಅವರು ಎಲ್ಲರಿಗೂ ಕುಪ್ಪಸದ ಹೊಸ ಖಣ ಹಾಕಿ, ಅವ್ವನಿಗೆ ಮಾತ್ರ ಹೊಲಿಗೆ ಬಿಚ್ಚಿದ ದಿಂಬಿನ ಗವಸು ಹಾಕಿದ್ದರು. ಅಂಚಿನುದ್ದಕ್ಕೂ ಸೂಜಿಯ ತೂತುಗಳಿದ್ದವು.

ಈಗ ಅವರ ಉಡಿಗೆಂದು ಅವ್ವ ಟ್ರಂಕಿನಿಂದ ತೆಗೆದದ್ದು, ತೀರಿಕೊಂಡ ಅಜ್ಜಿ, ಅಂದರೆ ಅವ್ವನ ತಾಯಿ, ಕೊಟ್ಟಿದ್ದ ರೇಷ್ಮೆ ಖಣ.

“ಆ ಗವಸೇ ವಾಪಸ್ ಹಾಕವ್ವಾ,” ಎಂದು ಪಿಸುಗುಟ್ಟಿದೆ.

“ಅವ್ರು ಹಾಕ್ಯಾರಂತ ನಾನೂ ಹಾಕ್ಲೇನು? ನಾ ಕೊಟ್ಟದ್ದು ನೋಡಿ ನಂಗೇ ನಾಚಿಕಿ ಬರಬಾರ್ದು.”

ಅತ್ತೆ ಖಣದ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು. “ಎಲ್ಲಿ ತಂದೀಯವ್ವಾ? ಸಸ್ತಾದಾಗ ಸಿಕ್ಕಿರಬೇಕು.”

“ಹೂಂರಿ,” ಎಂದಳು ಅವ್ವ. ಅಜ್ಜಿಯ ಮಾತು ಎತ್ತಲಿಲ್ಲ. ನಮಸ್ಕಾರಕ್ಕೆಂದು ಅತ್ತೆಯ ಕಾಲಿಗೆ ಬಗ್ಗಿದವಳು ಬಹಳ ಹೊತ್ತು ಮುಖ ಮೇಲೆತ್ತಲಿಲ್ಲ.